ದೋರೊನ್‌ಬೆಕ್ ನೀರಿಗಿಳಿದದ್ದು

ಒದ್ದೆಯಾದ ಕುರಿಚರ್ಮದ ವಾಸನೆ ಬಂದರೆ ದೋರೊನ್‌ಬೆಕ್‌ನ ಕಾಲು ಇಂದಿಗೂ ತಾನಾಗಿ ಬಾಗಿಲ ಕಡೆ ನಡೆಯುತ್ತದೆ. ಆರು ವರ್ಷದವನಿದ್ದಾಗ ಅವನು ಕಿರ್ಗಿಜ್ ನಾಡಿನ ಇಸಿಕ್‌ಕುಲ್ ಸರೋವರದ ಮರದ ಕಟ್ಟೆಯ ಮೇಲಿಂದ ಜಾರಿ ಬಿದ್ದಿದ್ದ. ಯಾರೋ ಮೀನುಗಾರ ಅಂಗಿಯ ಕೊರಳಪಟ್ಟಿ ಹಿಡಿದು ಮೇಲೆತ್ತಿ, ತನ್ನ ಕುರಿಚರ್ಮದ ಕೋಟಿನಲ್ಲಿ ಸುತ್ತಿ ಮನೆಗೆ ತಂದುಬಿಟ್ಟ. ಮುಳುಗಿದ್ದು ನೆನಪಿಲ್ಲ, ಕೋಟು ನೆನಪಿದೆ. ಹಸಿ ಉಣ್ಣೆ, ಮೀನು, ತಂಬಾಕಿನ ಹೊಗೆ ಮೂರನ್ನೂ ಕಲಸಿ ಮೂಗಿಗೆ ಒತ್ತಿದ ಹಾಗಿತ್ತು. ಅಂದಿನಿಂದ ಮೂವತ್ತೆಂಟು ವರ್ಷ ಅದೇ ಸರೋವರದ ದಡದ ತಾಶ್-ಬುಲುನ್ ಎಂಬ ಊರಿನಲ್ಲಿ ಬದುಕಿದರೂ, ಪಾದದ ಗಂಟಿನ ಮೇಲೆ ನೀರು ಮುಟ್ಟಿಸಿಕೊಂಡವನಲ್ಲ.

ಇಂಥವನಿಗೆ ಸರಕಾರ ಕೊಟ್ಟ ಕೆಲಸವಾದರೂ ಏನು? ದಿನಕ್ಕೆ ಎರಡು ಸಲ ಸರೋವರದ ನೀರಿನ ಮಟ್ಟ ಅಳೆದು ರಾಜಧಾನಿಗೆ ತಿಳಿಸುವುದು. ಅಳತೆಯ ಕೋಲು ಕಟ್ಟೆಯ ತುದಿಯಲ್ಲಿ ನೆಟ್ಟಿತ್ತು. ದೋರೊನ್‌ಬೆಕ್ ದಡದಲ್ಲೇ ನಿಂತು, ಬೈನಾಕ್ಯುಲರ್ ಹಿಡಿದು ಓದುತ್ತಿದ್ದ. ಹದಿನೆಂಟು ವರ್ಷದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಹೆದರಿಕೆಯಲ್ಲಿ ಮಾಡಿದ ಕೆಲಸ ಬಹಳ ಅಚ್ಚುಕಟ್ಟಾಗಿರುತ್ತದೆ.

ಅವನ ಷಡ್ಡಕ ಎಸೆನ್‌ಗುಲ್‌ಗೆ ಮೊಮ್ಮಗ ಹುಟ್ಟಿ ತೊಟ್ಟಿಲ ಹಬ್ಬವಾಯಿತು. ಎಸೆನ್‌ಗುಲ್ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವ ಅನುಕೂಲಸ್ಥ. ನಮ್ಮ ಕಡೆ ಹಬ್ಬದಲ್ಲಿ ಬಟ್ಟಲು ಕೈಗೆ ಬಂದವರೆಲ್ಲ ಎದ್ದು ನಾಲ್ಕು ಮಾತಾಡಲೇಬೇಕು. ಎಸೆನ್‌ಗುಲ್ ಎದ್ದು, ಶಾಲೆಯ ಮೈದಾನಕ್ಕೆ ತಾನು ಮಾಡಿಸಿಕೊಟ್ಟ ಬೇಲಿಯ ಬಗ್ಗೆ ಮಾತಾಡಿದ. ಅದರ ಉದ್ದ ಹೇಳಿದ, ಬಣ್ಣ ಹೇಳಿದ. ಮುಂದಿನ ಬಟ್ಟಲು ದೋರೊನ್‌ಬೆಕ್‌ನದು. ಬೇಲಿಗೆ ಎದುರಾಗಿ ಹೇಳಿಕೊಳ್ಳಲು ಅವನ ಬಳಿ ಜೇಬಿನಲ್ಲಿದ್ದ ಒಂದು ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ.

"ರಾಜಧಾನಿಯ ಒಂದು ಧರ್ಮಸಂಸ್ಥೆ ಹೀಗೆ ಬರೆದಿದೆ," ಎಂದು ಅವನು ಶುರುಮಾಡಿದ. "ಆಗಸ್ಟ್ ಕೊನೇಲಿ ಇಲ್ಲೇ ಪಂದ್ಯ. ಈಜಬೇಕು, ಆಮೇಲೆ ಸೈಕಲ್ ಹೊಡೀಬೇಕು, ಆಮೇಲೆ ಓಡಬೇಕು. ಮೂರನ್ನೂ ಮುಗಿಸಿದವನ ಊರು ಎಷ್ಟು ಕೂಡಿಸತ್ತೋ ಅಷ್ಟನ್ನ ಸಂಸ್ಥೆಯೂ ಹಾಕಿ, ಆ ಊರಿಗೆ ಜೀವ ಉಳಿಸೋ ದೋಣಿ ಕೊಡ್ತಾರಂತೆ, ಇಂಜಿನ್ ಸಮೇತ."

ಹಿಂದಿನ ಬೇಸಿಗೆ ನೆರೆಮನೆಯ ಸೈಕಾಲ್ ಎಜೆಯ, ಅಂದರೆ ಸೈಕಾಲ್ ಅಕ್ಕನ, ಮೊಮ್ಮಗ ಗಾಳಿ ತುಂಬಿದ ಹಾಸಿಗೆಯ ಮೇಲೆ ಆಡುತ್ತಿದ್ದಾಗ ಗಾಳಿ ತಿರುಗಿ, ಸರೋವರದ ನಡುವಿಗೆ ಹೋಗಿದ್ದ. ನಾಲ್ಕು ಗಂಟೆ ಇಡೀ ಊರು ದಡದಲ್ಲಿ ನಿಂತು ಅತ್ತಿತ್ತು. ಅಷ್ಟು ದೂರ ಈಜಬಲ್ಲವರಿರಲಿಲ್ಲ, ದೋಣಿ ಇರಲಿಲ್ಲ. ಯಾರೋ ಪರವೂರಿನವರು ದೋಣಿಯಲ್ಲಿ ಹೋಗುತ್ತಿದ್ದವರು ಕಂಡು ಎತ್ತಿಕೊಂಡು ಬಂದರು. ಸೈಕಾಲ್ ಎಜೆ ಈಗ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

"ಅದಕ್ಕೇ ನಾನು ಹೇಳೋದು..." ಎಂದು ದೋರೊನ್‌ಬೆಕ್ ಗಂಟಲು ಸರಿಮಾಡಿಕೊಳ್ಳಲು ನಿಲ್ಲಿಸಿದ.

ಅವನು ಹೇಳಬೇಕೆಂದಿದ್ದುದು 'ಎಸೆನ್‌ಗುಲ್‌ನ ಮಗನನ್ನು ಕಳಿಸೋಣ' ಎಂದು. ಆದರೆ ಮಾಂಸ ತಣ್ಣಗಾಗುತ್ತಿತ್ತು. ಊರಿಗೆಲ್ಲ ಹಿರಿಯನಾದ ಎಂಬತ್ನಾಲ್ಕರ ಚೋರೊಬಾಯ್ ಅಜ್ಜ ಮಾತು ಮುಗಿಯಿತೆಂದು ತಿಳಿದು ಎರಡೂ ಅಂಗೈಗಳನ್ನು ಮುಂದೆ ಬಿಚ್ಚಿ ಬಾತಾ ಕೊಟ್ಟೇಬಿಟ್ಟ. ಹಿರಿಯರ ಆ ಆಶೀರ್ವಾದದ ಮೇಲೆ ನಮ್ಮಲ್ಲಿ ಮೇಲ್ಮನವಿ ಇಲ್ಲ.

"ದೋರೊನ್‌ಬೆಕ್‌ಗೆ ನೀರು ದಾರಿ ಬಿಡಲಿ. ದಾರಿ ಕಾಲಿಗೆ ಹಗುರಾಗಲಿ. ಹೋದವನು ತಿರುಗಿ ಬರಲಿ."

"ಓಮಿನ್!" ಎಂದು ಅರವತ್ತು ಜನ ಮುಖ ಸವರಿಕೊಂಡು ಮಾಂಸಕ್ಕೆ ಕೈ ಹಾಕಿದರು. ದೋರೊನ್‌ಬೆಕ್ ಇನ್ನೂ ಬಾಯಿ ತೆರೆದೇ ನಿಂತಿದ್ದ. ಅವನ ಕಿವಿಯಲ್ಲಿ ಕೊನೆಯ ಮಾತೊಂದೇ ಉಳಿದಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ಬುರುಲ್‌ಸುನ್ ಎಂದಿನಂತೆ ಮಗಳ ಹೆಸರು ಹಿಡಿದು ಕರೆದು ಕೇಳಿದಳು: "ಅಲ್ಲ, ಐಜಾನ್ ಅಪ್ಪಾ, ನಿಮಗೆ ಏನಾಗಿತ್ತು?"

"ನಾನು ಕೆಮ್ಮಿದೆ ಅಷ್ಟೇ ಕಣೇ."

"ಕೆಮ್ಮಿದ್ದಕ್ಕೆ ಬಾತಾ ಸಿಕ್ಕಿದ್ದು ಕಿರ್ಗಿಜರಲ್ಲಿ ನಿಮಗೇ ಮೊದಲು."

"ನಾಳೆ ಹೋಗಿ, ವಾಪಸ್ ತಗೊಳ್ಳಿ ಅಜ್ಜಾ ಅಂತ ಹೇಳ್ಲಾ?"

"ಬಾತಾನಾ? ಅದೇನು ಹಾಲಾ, ಹುಳಿಯಾಗಿದೆ ಅಂತ ವಾಪಸ್ ಕೊಡೋಕೆ?"

ಆದರೂ ಅವನು ಮಾರನೆಯ ದಿನ ಹೋದ. ಚೋರೊಬಾಯ್ ಅಜ್ಜ ಅವನ ಮುಖ ನೋಡಿಯೇ, "ಹೆದರಬೇಡ ಮಗನೇ. ನಾನು ಕೊಟ್ಟ ಬಾತಾ ಇವತ್ತಿನವರೆಗೆ ಸುಳ್ಳಾಗಿಲ್ಲ," ಎಂದ. ಸ್ವಲ್ಪ ಯೋಚಿಸಿ ಸೇರಿಸಿದ: "ಒಂದೇ ಒಂದು ಸಲ ಆಗಿತ್ತು. ಅದರಲ್ಲಿ ಕುದುರೆದೇ ತಪ್ಪು. ಪಾಪ, ಹುಡುಗ ಒಳ್ಳೆಯವನಿದ್ದ."

ಅಷ್ಟರಲ್ಲಿ ಊರೆಲ್ಲ ಮಾತು ಕೊಟ್ಟಾಗಿತ್ತು. ದೋರೊನ್‌ಬೆಕ್ ಮೂರನ್ನೂ ಮುಗಿಸಿದರೆ ಮನೆಗೊಂದು ಕುರಿ ಮಾರಿ ದೋಣಿಗೆ ಕೊಡುವುದು. ಬೇಲಿಯ ಎಸೆನ್‌ಗುಲ್ ಒಂದು ಕುದುರೆಯನ್ನೇ ಘೋಷಿಸಿದ. ದೋರೊನ್‌ಬೆಕ್‌ಗೆ ವಿಷಯ ಸ್ಪಷ್ಟವಾಯಿತು. ದೋಣಿ ಬರಬೇಕಾದರೆ ಅವನು ಈಜಬೇಕು. ಅವನು ಈಜಬೇಕಾದರೆ ಮೊದಲು ಊರಲ್ಲಿ ದೋಣಿ ಇರಬೇಕು. ಈ ತೊಡಕನ್ನು ಅವನು ಹೆಂಡತಿಗೆ ವಿವರಿಸಿದ. ಅವಳು ಮೊದಲು ಓಡುವುದನ್ನು ಕಲಿಯಿರಿ, ಅದರಲ್ಲಿ ಯಾರೂ ಸಾಯುವುದಿಲ್ಲ ಎಂದಳು.

ಅವಳ ಈ ಮಾತು ಎರಡೇ ದಿನದಲ್ಲಿ ಸುಳ್ಳಾಯಿತು.

ತಾಶ್-ಬುಲುನ್‌ನಲ್ಲಿ ನಲವತ್ತು ದಾಟಿದ ಗಂಡಸು ಓಡುವುದಿಲ್ಲ. ಅವಸರವಿದ್ದರೆ ಕುದುರೆ ಹತ್ತುತ್ತಾನೆ, ಇಲ್ಲದಿದ್ದರೆ ನಡೆಯುತ್ತಾನೆ. ಬೆಳಗಾಗುತ್ತಲೇ ಒಬ್ಬ ಗಂಡಸು ಏದುಸಿರು ಬಿಡುತ್ತ ಬೀದಿಯಲ್ಲಿ ಓಡಿಬಂದ ಎಂದರೆ ಯಾರೋ ತೀರಿಕೊಂಡರು ಎಂದೇ ಅರ್ಥ. ಸೈಕಾಲ್ ಎಜೆ ಹಸು ಕರೆಯುತ್ತಿದ್ದವಳು ಅವನನ್ನು ಕಂಡು ಬಕೆಟ್ಟು ಬಿಟ್ಟು ಎದ್ದಳು.

"ಅಯ್ಯೋ, ಯಾರಪ್ಪಾ?"

ದೋರೊನ್‌ಬೆಕ್‌ಗೆ ಮಾತಾಡಲು ಉಸಿರಿರಲಿಲ್ಲ. ಸೇತುವೆವರೆಗೆ ಹೋಗಿಬರುತ್ತೇನೆ ಎನ್ನುವಂತೆ ಮುಂದಕ್ಕೆ ಕೈ ತೋರಿಸಿ ಹೋದ. ಸೇತುವೆಗಿಂತ ಮುಂಚೆ ಇದ್ದದ್ದು ಚೋರೊಬಾಯ್ ಅಜ್ಜನ ಮನೆ. ಸೈಕಾಲ್ ಎಜೆ ತಲೆವಸ್ತ್ರ ಬಿಚ್ಚಿ ದೊಡ್ಡ ದನಿಯಲ್ಲಿ ಅಳಲು ಶುರುಮಾಡಿದಳು.

ಸೇತುವೆ ಮುಟ್ಟಿ, ಅಲ್ಲಿ ಸ್ವಲ್ಪ ಹೊತ್ತು ಮಲಗಿ, ಅವನು ಕುಂಟುತ್ತ ಹಿಂದಿರುಗಿದಾಗ ಅಜ್ಜನ ಅಂಗಳದಲ್ಲಿ ಸಾವಿನ ಡೇರೆ ಅರ್ಧ ಎದ್ದಿತ್ತು. ಕಂಬಳಿಗಳು ಬಂದಿದ್ದವು, ಕಡಾಯಿ ಬಂದಿತ್ತು. ಎಸೆನ್‌ಗುಲ್ ಪದ್ಧತಿಯಂತೆ ಸೊಂಟ ಬಗ್ಗಿಸಿ, ಕೋಲೂರಿ, "ನನ್ನ ಆಸರೆಯ ಬೆಟ್ಟವೇ ಕುಸಿಯಿತಲ್ಲೋ!" ಎಂದು ಬೀದಿಯುದ್ದಕ್ಕೂ ಕೂಗುತ್ತ ಬಂದ. ಡೇರೆಯ ನಡುಗಂಬವನ್ನು ಬಿಗಿಯಾಗಿ ಹಿಡಿದು ನಿಂತಿದ್ದವನು ಚೋರೊಬಾಯ್ ಅಜ್ಜನೇ. ಗದ್ದಲ ಕೇಳಿ ಹೊರಬಂದವನು, ಕೆಲಸ ನಡೆಯುತ್ತಿದೆ ಎಂದು ಕೈಹಾಕಿದ್ದ.

"ಯಾರಿಗಪ್ಪಾ ಈ ಡೇರೆ?" ಎಂದು ಅವನು ಕೇಳಿದ.

ಕಂಬಳಿ ಹೊತ್ತವರು ಅವನ್ನು ಮೆಲ್ಲಗೆ ಕೆಳಗಿಳಿಸಿದರು. ಕೊನೆಗೆ ಸೈಕಾಲ್ ಎಜೆ, "ನಿಮಗೇ, ಅಜ್ಜಾ," ಎಂದಳು.

"ನನಗಾ? ಯಾವಾಗ?"

"ಬೆಳಿಗ್ಗೆ."

"ಬೆಳಿಗ್ಗೆ ನಾನು ಚಹಾ ಕುಡಿದೆನಲ್ಲ," ಎಂದ ಅಜ್ಜ, ತನ್ನ ಮೇಲೇ ಸ್ವಲ್ಪ ಅನುಮಾನ ಬಂದವನಂತೆ. ಆಮೇಲೆ ಎಸೆನ್‌ಗುಲ್ ಕಡೆ ತಿರುಗಿ, "ಚೆನ್ನಾಗಿ ಅಳ್ತೀಯ ಕಣೋ. ಬೆಟ್ಟ ಅಂದೆಯಲ್ಲ, ಆ ದಿನಾನೂ ಅದನ್ನೇ ಹೇಳು, ಮರೀಬೇಡ," ಎಂದ.

ಊರು ನಕ್ಕು ಮನೆಗೆ ಹೋಯಿತು. ದೋರೊನ್‌ಬೆಕ್ ನಗಲಿಲ್ಲ. ಅವನು ಗಡಿಯಾರ ನೋಡಿದ್ದ. ಡೇರೆ, ಕಡಾಯಿ, ಅಳುವವರು ಎಲ್ಲ ಸೇರಲು ಇಪ್ಪತ್ತೇ ನಿಮಿಷ ಹಿಡಿದಿತ್ತು. ಅವನ ಸರದಿಗೂ ಇವರು ಇಷ್ಟೇ ಚುರುಕಾಗಿರುತ್ತಾರೆ. ಮರುದಿನದಿಂದ ಊರ ಹಿರಿಯರ ಆಜ್ಞೆಯಂತೆ ಅವನು ಓಡುವಾಗ ಪ್ರತಿ ಬಾಗಿಲಲ್ಲೂ "ಎಲ್ಲರೂ ಚೆನ್ನಾಗಿದ್ದಾರೆ!" ಎಂದು ಕೂಗಬೇಕಾಯಿತು. ಇದರಿಂದ ಅವನ ಶ್ವಾಸಕೋಶ ಬಹಳ ಬಲವಾಯಿತು.

ಸೈಕಲ್ಲು ಅಂಚೆಯ ಹೆಂಗಸು ಕೊಟ್ಟಳು. ಬ್ರೇಕು ಒಂದೇ ಕಡೆ ಹಿಡಿಯುತ್ತಿತ್ತು. ಸೈಕಲ್ಲಿನ ಜೊತೆಗೆ ಅವಳು ಮೂರು ಊರುಗಳ ನಾಯಿಗಳ ಹೆಸರು ಬರೆದ ಚೀಟಿಯನ್ನೂ ಕೊಟ್ಟಳು. ಹೆಸರು ಹಿಡಿದು ಕರೆದರೆ ಕಚ್ಚುವುದಿಲ್ಲವಂತೆ. ಅವನು ಅದನ್ನು ಬಾಯಿಪಾಠ ಮಾಡಿದ. ಉಳಿದದ್ದು ನೀರು.

ಊರ ಕೊನೆಯಲ್ಲಿ ಜಿನೈದಾ ಪೆಟ್ರೊವ್ನಾ ಎಂಬ ರಷ್ಯನ್ ಮುದುಕಿ ಜೇನು ಸಾಕಿಕೊಂಡಿದ್ದಳು. ಹಿಂದೆ ಸೋವಿಯತ್ ಕಾಲದ ಆರೋಗ್ಯಧಾಮದಲ್ಲಿ ಈಜು ಕಲಿಸುತ್ತಿದ್ದವಳು. ಎಪ್ಪತ್ತೊಂದು ವರ್ಷ, ತೂಕ ದೋರೊನ್‌ಬೆಕ್‌ನ ಅರ್ಧ. ಮೊದಲ ವಾರ ಅವಳು ಅವನನ್ನು ಸರೋವರದ ಹತ್ತಿರವೇ ಕರೆದೊಯ್ಯಲಿಲ್ಲ. ಮನೆಯಲ್ಲಿ ಬೋಗುಣಿಗೆ ನೀರು ತುಂಬಿ ಮುಖ ಮುಳುಗಿಸು ಎಂದಳು. ಬುರುಲ್‌ಸುನ್ ಹಿಟ್ಟು ನಾದುತ್ತ ಎಣಿಸುತ್ತಿದ್ದಳು. ಆರು ಎನ್ನುವಷ್ಟರಲ್ಲಿ ಅವನು ಕಣ್ಣು ಬಿಟ್ಟುಕೊಂಡು ಮೇಲೆದ್ದು, "ತಳ ಕಾಣಿಸ್ತಿಲ್ಲ!" ಎನ್ನುತ್ತಿದ್ದ.

"ಬೋಗುಣಿಗೆ ತಳ ಇದೆ ರೀ. ನಾನೇ ತೊಳೆದಿದ್ದೀನಿ."

ಎರಡನೆಯ ವಾರ ಸರೋವರ. ಸೊಂಟದ ಮಟ್ಟ ನೀರು ಬರುತ್ತಲೇ ಅವನು ಜಿನೈದಾಳ ಕುತ್ತಿಗೆಗೆ ಜೋತುಬಿದ್ದ. ಮುದುಕಿ ಅಲುಗಲಿಲ್ಲ.

"ದೋರೊನ್, ಕೈ ಬಿಡು. ಇಲ್ಲಿ ಕುರಿಯೂ ಮುಳುಗಲ್ಲ."

"ಕುರಿಗೆ ಗೊತ್ತಿರಲ್ಲ ಅಮ್ಮಾ. ನನಗೆ ಗೊತ್ತು."

"ಏನು ಗೊತ್ತು?"

"ಆಳ. ಹದಿನೆಂಟು ವರ್ಷದಿಂದ ಬರೆದು ಕಳಿಸ್ತಿದ್ದೀನಿ."

ಅವಳು ಯೋಚಿಸಿ ಅವನನ್ನು ಅಂಗಾತ ಮಲಗಿಸಿ, ಬೆನ್ನ ಕೆಳಗೆ ಎರಡು ಬೆರಳಿಟ್ಟಳು. "ನೀರು ನೋಡಬೇಡ. ಆಕಾಶ ನೋಡು. ಆಕಾಶಕ್ಕೂ ಹೆದರ್ತೀಯಾ?"

"ಇನ್ನೂ ಶುರುವಾಗಿಲ್ಲ."

ಹಾಗೆ ಅವನು ಅಂಗಾತ ಈಜಲು ಕಲಿತ. ಬೇರೆ ಯಾವ ರೀತಿಯೂ ಬರಲಿಲ್ಲ. ದಿನವೂ ನೀಲಿಗಟ್ಟಿ ನಡುಗುತ್ತ ದಡಕ್ಕೆ ಬಂದು ಬೂಟಿಗೆ ಕಾಲಿಟ್ಟರೆ ಬೂಟು ಬೆಚ್ಚಗಿರುತ್ತಿತ್ತು. ಬಿಸಿಲಿನಿಂದ ಇರಬೇಕು ಎಂದುಕೊಂಡಿದ್ದ. ಒಂದು ಮೋಡದ ದಿನವೂ ಬೆಚ್ಚಗಿದ್ದಾಗ ತಿರುಗಿ ನೋಡಿದ. ಮುದುಕಿ ಒಲೆಯಲ್ಲಿ ಕಾಯಿಸಿದ ಎರಡು ಕಲ್ಲುಗಳನ್ನು ಏಪ್ರನ್ನಿನಲ್ಲಿ ಮುಚ್ಚಿಟ್ಟುಕೊಂಡು ಜೇನುಗೂಡಿನ ಕಡೆ ಹೋಗುತ್ತಿದ್ದಳು.

ಪಂದ್ಯಕ್ಕೆ ವೈದ್ಯರ ಸಹಿ ಬೇಕಿತ್ತು. ತಾಲ್ಲೂಕಿನ ಡಾಕ್ಟರಮ್ಮ ರಕ್ತದೊತ್ತಡ ನೋಡಿ ಹುಬ್ಬೇರಿಸಿದಳು. ಎರಡನೆಯ ಸಲ ನೋಡಿದಾಗ ಇನ್ನೂ ಹೆಚ್ಚಿತ್ತು. "ಅಣ್ಣಾ, ಇಷ್ಟಿದ್ರೆ ನಾನು ಸಹಿ ಮಾಡೋ ಹಾಗಿಲ್ಲ," ಎಂದಳು. ದೋರೊನ್‌ಬೆಕ್‌ನ ಎದೆಯಲ್ಲಿ ಸಂತೋಷದ ಒಂದು ಸಣ್ಣ ದೀಪ ಹತ್ತಿಕೊಂಡಿತು. ಆಗ ಅವಳು ಅವನ ಕಣ್ಣು ಎಲ್ಲಿದೆ ಎಂದು ನೋಡಿದಳು. ಕಿಟಕಿಯ ಆಚೆ ಇಡೀ ಸರೋವರ ಹೊಳೆಯುತ್ತಿತ್ತು. ಎದ್ದು ಪರದೆ ಎಳೆದು, ಅವನ ಹೆಂಡತಿ ಮಕ್ಕಳ ವಿಚಾರ ಮಾತಾಡಿಸುತ್ತ ಮೂರನೆಯ ಸಲ ನೋಡಿದಳು. "ನೂರಿಪ್ಪತ್ತೆಂಟು. ಕುದುರೆ ಹಾಗಿದ್ದೀರಿ." ದೀಪ ಆರಿತು.

ಪಂದ್ಯದ ಬೆಳಿಗ್ಗೆ ಪಕ್ಕದ ಊರಿನ ಮರಳದಂಡೆಯಲ್ಲಿ ಕಪ್ಪು ರಬ್ಬರ್ ಉಡುಪಿನ ನಲವತ್ತು ಪಟ್ಟಣದ ಯುವಕರು ನಿಂತಿದ್ದರು. ದೋರೊನ್‌ಬೆಕ್‌ನ ಮೈಗೆ ಸೈಕಾಲ್ ಎಜೆ ಥಂಡಿ ಹಿಡಿಯದಿರಲೆಂದು ಕುರಿಬಾಲದ ಕೊಬ್ಬು ಬಳಿದಿದ್ದಳು. ಬಿಸಿಲಿಗೆ ಅವನು ಹೊಸ ಕಡಾಯಿಯಂತೆ ಮಿನುಗುತ್ತಿದ್ದ. ತೀರ್ಪುಗಾರ್ತಿ ನುರ್ಜಾಮಾಲ್ ಎಂಬ ಐವತ್ತರ ಹೆಂಗಸು, ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ದಪ್ಪ ಪುಸ್ತಕ, ಅವನ ಮುಂದೆ ನಿಂತು ಮೂಗೆಳೆದಳು.

"ಏನಿದು?"

"ಕೊಬ್ಬು," ಎಂದ ದೋರೊನ್‌ಬೆಕ್.

"ನಿಯಮದಲ್ಲಿ ಕೊಬ್ಬು ಇಲ್ಲ."

"ಬೇಡ ಅಂತಾನೂ ಇಲ್ಲವಲ್ಲ, ಎಜೆ," ಎಂದಳು ಬುರುಲ್‌ಸುನ್. ನುರ್ಜಾಮಾಲ್ ಪುಸ್ತಕ ತಿರುವಿ ನೋಡಿ, ನಿಜ ಎಂದು ಕಂಡು, ಮುಂದೆ ಹೋದಳು. "ಮಧ್ಯಾಹ್ನ ಒಂದು ಗಂಟೆಯೊಳಗೆ ಎಲ್ಲ ಮುಗಿಸಬೇಕು. ಒಂದಾದ ಮೇಲೆ ಬಂದವರನ್ನ ನಾನು ಬರೆಯೋದಿಲ್ಲ."

ಸೀಟಿ ಕೂಗಿತು. ನಲವತ್ತು ಜನ ನೀರಿಗೆ ನುಗ್ಗಿದರು. ಅವರೆಬ್ಬಿಸಿದ ಅಲೆ ತಣ್ಣಗಾದ ಮೇಲೆ ದೋರೊನ್‌ಬೆಕ್ ಹಿಮ್ಮುಖವಾಗಿ, ಹೆಂಡತಿಯ ಮುಖ ನೋಡುತ್ತ, ಇಳಿದ. ಅಂಗಾತ ಮಲಗಿದ. ಆಕಾಶ ಇತ್ತು. ಕಿವಿಗೆ ನೀರು ಹೋಗಿ ಲೋಕದ ಸದ್ದೆಲ್ಲ ನಿಂತು, ತನ್ನ ಹೃದಯದ ಸದ್ದೊಂದೇ ಉಳಿಯಿತು. ಅದು ಯಾರೋ ಬಾಗಿಲು ಬಡಿದ ಹಾಗೆ ಕೇಳುತ್ತಿತ್ತು. ಕೆಳಗೆ ಎಷ್ಟು ನೀರಿದೆ ಎಂದು ಅವನಿಗೆ ಸೆಂಟಿಮೀಟರಿನ ಲೆಕ್ಕದಲ್ಲಿ ಗೊತ್ತಿತ್ತು. ಕೈ ನಿಂತಿತು. ಕಾಲು ಕೆಳಗಿಳಿಯತೊಡಗಿತು. ಬಾಯಿಗೆ ನೀರು ಬಂತು.

ಆಗ ಆಕಾಶದ ಅಂಚಿನಲ್ಲಿ ಒಂದು ಕುದುರೆಯ ಮುಖ ಕಾಣಿಸಿತು. ಅದರ ಮೇಲೆ ಬಿಳಿ ಕಂಬಳಿಯ ಟೋಪಿ, ಬಿಳಿ ಗಡ್ಡ.

"ಕಾಲು ಹೊಡಿ ಮಗನೇ," ಎಂದ ಚೋರೊಬಾಯ್ ಅಜ್ಜ.

ದಡದಿಂದ ಸೀಟಿಯ ಮೇಲೆ ಸೀಟಿ. "ಅಜ್ಜಾ! ಪಂದ್ಯದಲ್ಲಿ ಕುದುರೆಗೆ ಅವಕಾಶ ಇಲ್ಲ!"

"ನಾನು ಪಂದ್ಯದಲ್ಲಿ ಎಲ್ಲಿದ್ದೀನಿ ತಾಯಿ? ಕುದುರೆಗೆ ನೀರು ಕುಡಿಸ್ತಿದ್ದೀನಿ."

"ನೀರು ಅಲ್ಲೇ ದಡದಲ್ಲಿ ಇರಲಿಲ್ವಾ?"

"ಇದಕ್ಕೆ ನಡೀತಾ ಕುಡಿಯೋದು ಅಭ್ಯಾಸ."

ನುರ್ಜಾಮಾಲ್ ದಡದಗುಂಟ ಹೆಜ್ಜೆಹೆಜ್ಜೆಗೂ ಕಣ್ಣಿಟ್ಟು ನಡೆದಳು. ಕುದುರೆಗೂ ಈಜುವವನಿಗೂ ನಡುವೆ ಕೊನೆಯವರೆಗೆ ಒಂದು ಮಾರು ಅಂತರವಿತ್ತು. ಅಜ್ಜ ಲಗಾಮು ಹಾಗೇ ಹಿಡಿದಿದ್ದ. ಏಳುನೂರ ಐವತ್ತು ಮೀಟರ್ ಉದ್ದಕ್ಕೂ, ಕುದುರೆಯ ಹೊಟ್ಟೆಯವರೆಗೆ ನೀರಿನಲ್ಲಿ, ಎಂಬತ್ನಾಲ್ಕು ವರ್ಷದ ಮುದುಕ ತನ್ನ ಮಾತಿನ ಪಕ್ಕದಲ್ಲೇ ಸವಾರಿ ಮಾಡಿಕೊಂಡು ಬಂದ. ದೋರೊನ್‌ಬೆಕ್ ಕಣ್ಣು ಮುಚ್ಚಲಿಲ್ಲ. ತಲೆ ಮರಳಿಗೆ ತಾಗಿದಾಗಲೂ ಅವನು ಕೈ ಬಡಿಯುತ್ತಲೇ ಇದ್ದ. ಬುರುಲ್‌ಸುನ್ ಬಂದು, "ಏಳಿ, ಇಲ್ಲಿ ಮಂಡಿಯಷ್ಟೂ ಇಲ್ಲ," ಎಂದಳು.

ಇಡೀ ತಾಶ್-ಬುಲುನ್ ಅಲ್ಲೇ ಇತ್ತು. ಹೆಂಗಸರು ಅವನ ಹಣೆಗೆ ಮುತ್ತಿಟ್ಟರು. ಎಸೆನ್‌ಗುಲ್ ಅಪ್ಪಿಕೊಂಡು ಮೈತುಂಬ ಕೊಬ್ಬು ಮಾಡಿಕೊಂಡ. ಅವರ ಮಟ್ಟಿಗೆ ಮನುಷ್ಯ ನೀರಿನಿಂದ ಜೀವಂತ ಬಂದ, ಕೆಲಸ ಮುಗಿಯಿತು. ದಡದಲ್ಲೇ ಕಡಾಯಿ ಏರಿತು, ಹಾಸು ಬಿಚ್ಚಿದರು.

"ಇನ್ನೂ ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಐದು ಓಟ ಇದೆ," ಎಂದ ದೋರೊನ್‌ಬೆಕ್.

"ಸೈಕಲ್ ಹೊಡೆದು ಯಾರಾದ್ರೂ ಸತ್ತಿದ್ದಾರಾ? ಅದೇನು ಲೆಕ್ಕ, ಕೂತ್ಕೋ!" ಎಂದು ಎಸೆನ್‌ಗುಲ್ ತೋಳು ಹಿಡಿದೆಳೆದ. "ನನ್ನ ಕುದುರೆ ಕೊಟ್ಟಾಯ್ತು ಅಂತಲೇ ತಿಳ್ಕೋ."

"ನೀವು ಕೊಡ್ತೀರಿ. ಆ ಸಂಸ್ಥೆ ಕೊಡಲ್ಲ. ಅರ್ಧ ದೋಣಿ ತಗೊಂಡು ಏನು ಮಾಡೋದು?"

ಎಲ್ಲರ ಕಣ್ಣೂ ಕುದಿಯುತ್ತಿದ್ದ ಮಾಂಸದ ಮೇಲಿತ್ತು. ಬುರುಲ್‌ಸುನ್ ಮಾತ್ರ ಎಸೆನ್‌ಗುಲ್‌ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗಂಡನಿಗೆ ಅಂಗಿ ತೊಡಿಸಿ, ಸೈಕಲ್ಲಿನ ಹಿಂದೆ ನಾಲ್ಕು ಹೆಜ್ಜೆ ಓಡಿ ತಳ್ಳಿಬಿಟ್ಟಳು.

ಉಳಿದವರೆಲ್ಲ ಎಷ್ಟೋ ಮುಂದೆ ಹೋಗಿದ್ದರು. ಎದುರುಗಾಳಿ. ರಸ್ತೆಯಲ್ಲಿ ಅವನೊಬ್ಬನೇ. ಎರಡು ತಿಂಗಳು ಅವನನ್ನು ತಿಂದಿದ್ದ ನೀರಿನ ಭಯ ಹೋಗಿತ್ತು ಎಂದು ಯಾರಾದರೂ ತಿಳಿದರೆ ತಪ್ಪು. ಅದು ಗಡಿಯಾರಕ್ಕೆ ಏರಿ ಕುಳಿತಿತ್ತು. ಮುಳುಗಿ ಸತ್ತಿದ್ದರೆ ಜನ ಕ್ಷಮಿಸುತ್ತಿದ್ದರು, ಆದರೆ ಈಜಿ ಬಂದವನು ರಸ್ತೆಯಲ್ಲಿ ತಡಮಾಡಿ ದೋಣಿ ಕಳೆದ ಎಂದರೆ? ಸೈಕಾಲ್ ಎಜೆ ಏನೂ ಅನ್ನುವುದಿಲ್ಲ. ಅದನ್ನು ನೆನೆದೇ ಅವನಿಗೆ ಹೆದರಿಕೆಯಾಗಿದ್ದು. ಸೈಕಲ್ ಒರಗಿಸಿ ಓಟ ಶುರುಮಾಡಿದಾಗ ಕಾಲುಗಳು ಬೇರೆ ಯಾರದೋ ಆಗಿದ್ದವು. ಗಡಿಯಾರ ನೋಡಲು ಧೈರ್ಯ ಬರಲಿಲ್ಲ. ಕೈಯಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಕೊನೆಯ ತಿರುವು ದಾಟಿ ನೋಡಿದ. ಓಟ ಮುಗಿಯುವಲ್ಲಿ ಇರಬೇಕಾದ ಗಾಳಿ ತುಂಬಿದ ಕಮಾನು ಇರಲಿಲ್ಲ. ಸುತ್ತಿ ಲಾರಿಯ ಮೇಲೆ ಹಾಕಿದ್ದರು. ಜನರಿರಲಿಲ್ಲ, ಮೇಜುಗಳಿರಲಿಲ್ಲ. ಲಾರಿಯ ಚಾಲಕ ಇಂಜಿನ್ ಚಾಲೂ ಮಾಡಿಕೊಂಡು ಕೂಗುತ್ತಿದ್ದ: "ಮೇಡಂ, ಆ ಕೊಬ್ಬಿನ ಮನುಷ್ಯ ದಡದಲ್ಲಿ ಊಟಕ್ಕೆ ಕೂತ! ನಾನೇ ಕಣ್ಣಾರೆ ನೋಡಿದೆ!"

"ಪಂದ್ಯ ಬಿಟ್ಟೆ ಅಂತ ಅವರು ನನಗೆ ಬಂದು ಹೇಳಿಲ್ಲ," ಎಂದಳು ನುರ್ಜಾಮಾಲ್. ರಸ್ತೆಯ ಎರಡು ಬದಿಗೆ ಎರಡು ಕಲ್ಲಿಟ್ಟು, ನಡುವೆ ಸೀಮೆಸುಣ್ಣದ ಗೆರೆ ಎಳೆದು, ಮಡಚುವ ಕುರ್ಚಿಯ ಮೇಲೆ ಪುಸ್ತಕ ತೆರೆದು ಕುಳಿತಿದ್ದಳು.

ಗೆರೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ದೋರೊನ್‌ಬೆಕ್ ನಿಂತುಬಿಟ್ಟ. "ಮುಗಿದುಹೋಯ್ತಾ, ಎಜೆ?"

"ಮಾತಾಡಬೇಡಿ. ಬನ್ನಿ."

"ಎಷ್ಟಾಯ್ತು ಹೇಳಿಬಿಡಿ, ಒಂದಾಗಿದ್ರೆ ನಾನು..."

"ಬನ್ನಿ ಅಂದೆ!"

ಬಂದ. ಅವಳು ಗಡಿಯಾರ ನೋಡಿ ಬರೆದಳು, ಮೊಹರು ಒತ್ತಿದಳು, ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. ಹನ್ನೆರಡು ಐವತ್ತಾರು. ಅವನು ಅದನ್ನು ಮೂರು ಸಲ ಓದಿದ.

"ದೋಣಿ?"

"ಮೊಹರು ಬಿತ್ತಲ್ಲ. ಬರತ್ತೆ."

ಆಗ ಅವನು ಗಡಿಯಾರವನ್ನು ಜೇಬಿನಿಂದ ತೆಗೆದು ಮತ್ತೆ ಕೈಗೆ ಕಟ್ಟಿಕೊಂಡ. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಸಿದು ಕುಳಿತ. ನುರ್ಜಾಮಾಲ್ ಚಾಲಕನಿಗೆ ಇಂಜಿನ್ ನಿಲ್ಲಿಸೆಂದು ಕೈ ತೋರಿಸಿದಳು. ತನ್ನ ಚೀಲದಿಂದ ಬಟ್ಟೆಯಲ್ಲಿ ಕಟ್ಟಿದ್ದ ಗಂಟು ತೆಗೆದು ಬಿಚ್ಚಿದಳು. ರೊಟ್ಟಿ, ಬೇಯಿಸಿದ ಎರಡು ಆಲೂಗೆಡ್ಡೆ, ಒಂದು ಮೊಟ್ಟೆ, ಉಪ್ಪಿನ ಪೊಟ್ಟಣ, ಬೆಳಗಿನಿಂದ ಯಾವುದನ್ನೂ ಮುಟ್ಟಿರಲಿಲ್ಲ. ಮೊಟ್ಟೆ ಸುಲಿದು, ಎಲ್ಲವನ್ನೂ ಅವನ ಮಡಿಲಲ್ಲಿಟ್ಟು, ಅವನಿಗೆ ಬೆನ್ನುಮಾಡಿ ನಿಂತು, ಕುರ್ಚಿಯನ್ನು ನಿಧಾನವಾಗಿ ಮಡಚತೊಡಗಿದಳು.